ರೂಪಾಯಿ ಸಣ್ಣಾತು, ಮಷೀನು ಮುನಿಸ್ಕಂತು

ದಿಲ್ಲಿಯಾಗ ಯಾರೋ ಕುಂತು ರೂಪಾಯಿ ಅಳತಿ ಬದಲಿ ಮಾಡಿದಾಗೆಲ್ಲಾ, ಇಲ್ಲಿ ಕೊಟ್ಟೂರು ಬಸ್ ಸ್ಟ್ಯಾಂಡಿನ್ಯಾಗ ಯಾರೋ ಒಬ್ಬರು ನನಗ ಬೈತಾರ. ಒಂದ್ಸಲ ಆಗಿ ಮುಗೀತು ಅನ್ನಂಗಿಲ್ಲ, ಇದು ನಡಕಂತನ ಬಂದೈತಿ. ಯಾಕಂದ್ರ ನನ್ನವು ತೂಕದ ಮಷೀನು. ನೋಡಿರ್ತೀರಿ, ಬಣ್ಣಬಣ್ಣದ ಲೈಟು, ಗಾಜಿನೊಳಗ ಗರಗರ ತಿರುಗೋ ಚಕ್ರ, ಕಾಯಿನ್ ಹಾಕಿದ್ರ ಟಕ್ ಅಂತ ಒಂದು ಚೀಟಿ. ಒಂದು ಕಡಿ ನಿಮ್ಮ ತೂಕ, ಇನ್ನೊಂದು ಕಡಿ ನಿಮ್ಮ ಭವಿಷ್ಯ. ಅಂಥವು ಐದು ಅದಾವ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಊರಿಗೊಂದು.

ನಮ್ಮಪ್ಪನ ಕಡಿಯಿಂದ ನಮ್ಮಕ್ಕಗ ಬಂಗಾರದ ಸರ ಬಂತು, ನಮ್ಮಣ್ಣಗ ಹೊಲ ಬಂತು, ನನಗ ಇವು ಬಂದ್ವು. “ಯಪ್ಪಾ, ನನಗೂ ಒಂದೆಳಿ ಬಂಗಾರ ಹಾಕಬಾರದೇನು?” ಅಂತ ಕೇಳಿದ್ದಕ್ಕ ನಮ್ಮಪ್ಪ, “ಬಂಗಾರನ ಕಳ್ಳರು ಒಯ್ತಾರವ್ವಾ. ಇದನ್ನ ಎತ್ತಾಕ ನಾಕು ಮಂದಿ ಬೇಕು” ಅಂದಿದ್ದ. ಅದು ಖರೇನ ಆತು. ಇವತ್ತಿನ ತನಕ ಯಾರೂ ಒಯ್ದಿಲ್ಲ.

೧. ಎಣಿಸಿ ಇಸ್ಕಂಡ ರೂಪಾಯಿ

ಮಷೀನಿನ ಒಳಗ ತಕ್ಕಡಿ ಕಡ್ಡಿಯಂಥದೊಂದು ಕಡ್ಡಿ ಐತಿ. ಕಾಯಿನ್ ಅದರ ತುದಿಗೆ ಬಿದ್ದು, ಕಡ್ಡಿ ಕೆಳಗ ವಾಲಿದ್ರ ಚಕ್ರ ತಿರುಗತೈತಿ. ವಾಲಲಿಲ್ಲ ಅಂದ್ರ ಕಾಯಿನ್ ಡಬ್ಬಿಗೆ, ನೀವು ಮನಿಗೆ. ನಮ್ಮಪ್ಪನ ಕಾಲದಾಗ ರೂಪಾಯಿ ದಪ್ಪ ಇತ್ತು, ಆ ಭಾರಕ್ಕ ಕಡ್ಡಿ ಕೂಡ್ಸಿದ್ರು.

ಆಮ್ಯಾಲ ನಾಲ್ಕಾಣಿ ನಿಂತುಹೋತು. ಹೋಗ್ಲಿ ಬಿಡು, ಅದಕ್ಕೇನು ಬರ್ತಿತ್ತು ಅಂತ ನಾನೂ ಸುಮ್ಮನಿದ್ದೆ. ಆದ್ರ ನಾಲ್ಕಾಣಿ ಹೋಗಿದ್ದ ತಡ, ಉಳಿದ ಕಾಯಿನ್ನೆಲ್ಲಾ ಹೊಸ ರೂಪ ತಗಂಡು ಸಣ್ಣಾದ್ವು. ನೋಟಿಗೂ ಬಣ್ಣ ಬಂತು, ಹೊಸಾ ಹತ್ತರ ನೋಟು ನೋಡಿ ನಮ್ಮತ್ತಿ “ಯಾರದು ಚಾಕಲೇಟು ಕಾಗದ ಇಲ್ಲಿ ಒಗದೋರು?” ಅಂತ ಕಸಬರಿಗಿ ತಗಂಡ್ರು. ಹೊಸಾ ರೂಪಾಯಿ ಬಿದ್ರ ನನ್ನ ಕಡ್ಡಿ ಅಲ್ಲಾಡಂಗಿಲ್ಲ. ಹಳೇ ರೂಪಾಯಿ ಅಳತಿಗೆ ಎರಡು ರೂಪಾಯಿ ಬಂತು, ಮಷೀನು ಎರಡಕ್ಕ ತೂಗಿತು. ಎರಡೂ ಸಣ್ಣಾಗಿ ಆ ಅಳತಿಗೆ ಐದು ಬಂತು, ಮಷೀನು ಐದಕ್ಕ ತೂಗಾಕ ಹತ್ತಿತು. ನಾನು ರೇಟು ಏರ್ಸಿಲ್ರಿ, ಮಷೀನು ತಾನ ಏರ್ಸಿಕೆಂತು. ಬೋರ್ಡಿನ ಮ್ಯಾಲ ಮಾತ್ರ ನಮ್ಮಪ್ಪ ಬರಸಿದ್ದು ಹಂಗ ಐತಿ: ‘ಒಂದು ರೂಪಾಯಿ ಮಾತ್ರ.’

ಹಿಂಗಿರುವಾಗ ಈ ಐದೂ ಬಸ್ ಸ್ಟ್ಯಾಂಡು ನೋಡ್ಕಳಾಕ ಒಬ್ರು ಹೊಸಾ ಸಾಹೇಬ್ರು ಬಂದ್ರು. ಆಳು ಎತ್ತರ, ಹೊಟ್ಟಿ ಮುಂದ, ಕೈಯಾಗ ಎರಡು ಫೋನು. ಕೊಟ್ಟೂರಿನ ಮಷೀನು ಹತ್ತಿ ನಿಂತು ಹೊಸಾ ರೂಪಾಯಿ ಒಂದು ಹಾಕಿದ್ರು. ಲೈಟು ಇಲ್ಲ, ಚಕ್ರ ಇಲ್ಲ, ಚೀಟಿ ಇಲ್ಲ.

“ಯಾರದಮ್ಮಾ ಇದು?”

“ನಂದ್ರಿ ಸಾಹೇಬ್ರ.”

“ರೂಪಾಯಿ ನುಂಗ್ತು.”

“ಅದು ಐದು ತಗಂತೈತ್ರಿ.”

“ಬೋರ್ಡಿನ ಮೇಲೆ ಒಂದು ಅಂತ ಬರ್ದೀರಿ!”

“ಬೋರ್ಡು ನಮ್ಮಪ್ಪಂದು, ರೂಪಾಯಿ ಸರ್ಕಾರದ್ದು. ನಮ್ಮಪ್ಪ ಬದಲಾಗಿಲ್ರಿ, ಸರ್ಕಾರ ಬದಲಾಗೈತಿ.”

ಅಂದುಬಿಟ್ಟೆ. ನನ್ನ ಬಾಯಿ ಹಂಗ. ಪಕ್ಕದ ಅಂಗಡಿಯಾತ ಬಾಯಿಗೆ ಟವಲ್ ಹಿಡಕಂಡು ನಕ್ಕ. ಸಾಹೇಬ್ರ ಮುಖ ಕೆಂಪಾತು. “ಯುಗಾದಿಯೊಳಗ ಐದೂ ಮಷೀನು ಒಂದು ರೂಪಾಯಿಗೆ ತೂಕ ಕೊಡಬೇಕು. ನಾನೇ ಬಂದು ನೋಡ್ತೀನಿ. ಕೊಡಲಿಲ್ಲ ಅಂದ್ರೆ ಐದೂ ಎತ್ತಿಸಿ ಹೊರಗ ಹಾಕಿಸ್ತೀನಿ” ಅಂದ್ರು.

ಮನಿಗೆ ಬಂದು ನಮ್ಮನಿಯವ್ರಿಗೆ ಹೇಳಿದ್ರ, ಪಂಚಾಯ್ತಿಯಾಗ ದಿನದ ನೌಕರಿ ಮುಗಿಸಿ ಬಂದು ಕಾಲು ಚಾಚಿದ್ದ ಮನುಷ್ಯ, “ಗುಜರಿಗೆ ಹಾಕು. ಕಬ್ಬಿಣಕ್ಕ ರೇಟು ಐತಿ” ಅಂದ್ರು. ನನಗ ಕಣ್ಣಾಗ ನೀರು ಬಂತು, ಅದರ ಹಿಂದ ಸಿಟ್ಟೂ ಬಂತು. ನಾನು ಬಸ್ಸಿನ್ಯಾಗ ಐದು ಊರು ತಿರುಗಿ, ಕೈಗೆ ಎಣ್ಣಿ ಹಚ್ಚಿಕೆಂಡು, ಮಗಳನ್ನ ನರ್ಸ್ ಕಲ್ಸಿದ್ದು ಇವ ಮಷೀನಿನಿಂದ. ಬಡವರು ತಮ್ಮ ತೂಕ ತಾವು ತಿಳ್ಕಳಾಕ ಒಂದು ರೂಪಾಯಿ ಮ್ಯಾಲ ಕೊಡಬಾರದು ಅಂತಿದ್ದ ನಮ್ಮಪ್ಪ. “ಒಂದು ರೂಪಾಯಿಗೇ ತೂಗಿಸ್ತೀನಿ, ತೂಗಿಸದಿದ್ರ ನಾನು ಆತನ ಮಗಳಲ್ಲ” ಅಂದೆ.

ಹೇಳೋದು ಮರ್ತೆ. ಸಾಹೇಬ್ರು ಹೋಗುವಾಗ ತಮ್ಮ ರೂಪಾಯಿ ವಾಪಸ್ ಕೇಳಿದ್ರು. ಡಬ್ಬಿ ತಗದು ಕೊಟ್ಟೆ. ಒಂದೇ ಒಂದು ರೂಪಾಯಿ ಅದು, ಎಣಿಸಿ ಕಿಸೇಕ ಇಟ್ಕಂಡ್ರು.

೨. ಕೂಡ್ಲಿಗಿಯ ಲಕ್ಷಾಧೀಶರು

ಮೊದಲು ನನಗ ಹೊಳದದ್ದು ಸುಲಭದ ದಾರಿ. ಮಷೀನಿಗೆ ಹಳೇ ದಪ್ಪ ರೂಪಾಯಿನ ಬೇಕಲ್ಲ, ಅದನ್ನ ನಾವ ಕೊಟ್ರಾತು. ಮನ್ಯಾಗಿದ್ದ ದಪ್ಪ ರೂಪಾಯಿ ಎಲ್ಲಾ ಒಂದು ಡಬ್ಬ್ಯಾಗ ತುಂಬಿ, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿ ಅಕ್ಕನ ಹತ್ರ ಇಟ್ಟೆ. ಮಂದಿ ಹೊಸಾ ರೂಪಾಯಿ ಕೊಡಬೇಕು, ಹಳೇದು ಇಸ್ಕಬೇಕು, ಮಷೀನಿಗೆ ಹಾಕಬೇಕು. ವಾರಕ್ಕೊಮ್ಮಿ ನಾನು ಹೋಗಿ ಮಷೀನಿನಿಂದ ತಗದು ಮತ್ತ ಆಕಿ ಡಬ್ಬಿಗೆ ತುಂಬಬೇಕು.

ಮೊದಲ ವಾರ ಚಂದ ನಡೀತು. ಎರಡನೇ ವಾರ ಹೋದ್ರ ಅಕ್ಕ ಕುಣಿದಾಡ್ತಾಳ. “ನಿನ್ನ ಮಷೀನಿಗೆ ಭಾರೀ ಗಿರಾಕಿ ಬಿಡವಾ! ಡಬ್ಬಿ ಖಾಲಿ ಆತು, ಇನ್ನೂ ಕೇಳ್ತಾರ.” ನಾನು ಖುಷಿಯಾಗಿ ಮಷೀನು ತಗದು ನೋಡ್ತೀನಿ, ಒಳಗ ಒಂದು ಕಾಯಿನ್ ಇಲ್ಲ. ಒಂದು ಜೇಡ ಇತ್ತು.

ಆಗಿದ್ದೇನಂದ್ರ, ಹಳೇ ದಪ್ಪ ರೂಪಾಯಿಗೆ ಲಕ್ಷ ರೂಪಾಯಿ ಕೊಡ್ತಾರಂತ ಯಾರೋ ಫೋನಿನ್ಯಾಗ ವೀಡಿಯೊ ಬಿಟ್ಟಿದ್ರು. ಊರಿನ ಮಂದಿ ಎಲ್ಲಾ ಒಂದು ರೂಪಾಯಿ ಕೊಟ್ಟು ಲಕ್ಷ ತಗಂಡು ಹೋಗ್ಯಾರ. ಹೊಸಹಳ್ಳಿಯಿಂದ ಒಬ್ರು ಮೇಷ್ಟ್ರು ಬಸ್ ಚಾರ್ಜು ಹಾಕ್ಕಂಡು ಬಂದು ಒಯ್ದಾರಂತ. ಯಾರೊಬ್ರೂ ತೂಕ ನೋಡ್ಕಂಡಿಲ್ಲ.

ತಲಿ ಕೆಟ್ಟು ಮನಿಗೆ ಬಂದು, ರಾತ್ರಿ ಅಡಿಗಿಗೆ ಅಕ್ಕಿ ಡಬ್ಬಿಗೆ ಕೈ ಹಾಕಿದೆ. ತಳದಾಗ ಕರ್ಚೀಪಿನ ಗಂಟು. ಬಿಚ್ಚಿದ್ರ ದಪ್ಪ ರೂಪಾಯಿ! ನಮ್ಮನಿಯವ್ರು ಬಾಗಿಲ ಹತ್ರ ನಿಂತಿದ್ರು. “ಕೂಡ್ಲಿಗಿಗೆ ಆಫೀಸ್ ಕೆಲಸಕ್ಕ ಹೋಗಿದ್ದೆ... ಹೆಂಗೂ ಗುಜರಿಗೆ ಹೋಗೋ ಮಾಲು ಅಂತ...” ಅಂದ್ರು.

೩. ಬೊಮ್ಮನಹಳ್ಳಿಯ ಎಂಟಾಣಿ

ಹಳೇ ರೂಪಾಯಿ ಸಹವಾಸ ಸಾಕು, ಕಡ್ಡೀನ ಹಗುರ ಮಾಡ್ತೀನಿ ಅಂತ ಹಗರಿಬೊಮ್ಮನಹಳ್ಳಿ ಮಷೀನು ಬಿಚ್ಚಿದೆ. ಕಡ್ಡಿಯ ಇನ್ನೊಂದು ತುದಿಗೆ ಒಂದು ಸೀಸದ ಗುಂಡು ಇರ್ತೈತಿ, ಅದನ್ನ ಅರದಿಂದ ಉಜ್ಜಿ ಉಜ್ಜಿ ಸಣ್ಣ ಮಾಡಿದೆ. ಹೊಸಾ ರೂಪಾಯಿ ಹಾಕಿದ್ರ ಟಕ್! ಲೈಟು, ಚಕ್ರ, ಚೀಟಿ, ಎಲ್ಲಾ ಬಂತು. ಬಸ್ ಸ್ಟ್ಯಾಂಡಿನ್ಯಾಗ ನಿಂತು ಒಬ್ಬಾಕಿನ ಚಪ್ಪಾಳಿ ಹೊಡಕಂಡೆ.

ಮುಂದಿನ ವಾರ ಬರ್ತೀನಿ, ಡಬ್ಬಿ ತುಂಬಿ ತುಳುಕೈತಿ. ಎಲ್ಲಾ ಎಂಟಾಣಿ. ಅಂಗಡ್ಯಾಗ, ಬಸ್ಸಿನ್ಯಾಗ ಯಾರೂ ಎಂಟಾಣಿ ಮುಟ್ಟಂಗಿಲ್ಲ, ಭಿಕ್ಷಾ ಬೇಡೋರೂ ಕೈ ಹಿಂದ ತಗಂತಾರ. ಆದ್ರ ನನ್ನ ಮಷೀನು ತಗಂತೈತಿ ಅಂತ ಸುದ್ದಿ ಹಬ್ಬಿ, ಜನ ಅಟ್ಟದ ಮ್ಯಾಲಿನವು, ದೇವರ ಗೂಡಿನವು, ಹಳೇ ಟ್ರಂಕಿನವು ಹುಡುಕ್ಕಂಡು ಬಂದು ತೂಕ ನೋಡ್ಕಂಡಾರ. ಒಬ್ಬಾಕಿ ಮುದುಕಿ ದಿನಾ ಮುಂಜಾನೆ, ಸಂಜಿಗೆ ಎರಡು ಹೊತ್ತೂ ಬರ್ತಿದ್ಲಂತ, ಊಟಕ್ಕ ಮುಂಚೆ ಒಮ್ಮಿ, ಊಟ ಆದಮ್ಯಾಲ ಒಮ್ಮಿ.

ಗಂಟು ಕಟ್ಕಂಡು ಒಂದು ಬ್ಯಾಂಕಿಗೆ ಹೋದೆ. ಕೌಂಟರಿನಾತ ಗಂಟು ನೋಡಿ ಕುರ್ಚಿ ಹಿಂದಕ್ಕ ಜರುಗಿಸ್ಕಂಡ.

“ಏನಮ್ಮಾ ಇದು?”

“ಎಂಟಾಣಿ. ಇನ್ನೂ ಚಲಾವಣಿ ಐತಂತಲ್ರಿ?”

“ಐತಿ ಐತಿ. ಪೂರ್ತಿ ಐತಿ. ಆದ್ರ ಯಾರೂ ತಗಳಂಗಿಲ್ಲ.”

“ಅದಕ್ಕ ನಿಮ್ಮ ಹತ್ರ ತಂದೀನಿ. ನೀವು ತಗಳ್ರಿ.”

ಆತ ಅತ್ತಿತ್ತ ನೋಡಿ ಮೆಲ್ಲಕ ಅಂದ, “ಅಮ್ಮಾ, ಆ ‘ಯಾರೂ’ ಅನ್ನೋದ್ರೊಳಗ ನಾವೂ ಬರ್ತೀವಿ.”

೪. ಉಚ್ಚಂಗಿದುರ್ಗದ ಹತ್ತು ತೂಕ

ಹರಪನಹಳ್ಳಿಯಾಗ ಸಂತಿ ದಿನ. ಮಷೀನಿನ ಮುಂದ ಜನ ಮುತ್ಕಂಡಾರ. ನಡುವ ಒಬ್ಬ ಉಚ್ಚಂಗಿದುರ್ಗದ ರೈತ, ಕೈಯಾಗ ಕಲ್ಲು. ಹತ್ತು ರೂಪಾಯಿ ಕಾಯಿನ್ ಅಗಲ, ಮಷೀನಿನ ಬಾಯಿಗೆ ಹಿಡಿಸಿಲ್ಲ, ಅದಕ್ಕ ಕಲ್ಲಿಂದ ಬಡದು ಒಳಗ ತುರುಕ್ತಾ ಇದ್ದಾನ!

“ಯಣ್ಣಾ, ಏನ್ ಮಾಡಾಕತ್ತಿ?”

“ಕಂಡಕ್ಟರ್ ತಗಳ್ಳಿಲ್ಲ ಕಣಕ್ಕಾ, ಚಾದಂಗಡಿಯೋನು ತಗಳ್ಳಿಲ್ಲ. ಇದು ಖರೇ ಕಾಯಿನ್ ಅಂತ ಟಿವ್ಯಾಗೂ ಹೇಳ್ಯಾರೆ. ಮನುಷ್ಯರು ತಗಳ್ಳಿಲ್ಲ, ಮಷೀನಾದ್ರೂ ತಗಳ್ಳಿ ಅಂತ.”

ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಾಕ ಹೋದ್ರ ಕಾಯಿನ್ ಹೊರಗ ಬರೋ ಬದಲು ಒಳಗ ಬಿತ್ತು. ಆತನ ಮುಖದಾಗ ಬೆಳಕು. “ತಗಂತು! ಈಗ ಹತ್ತು ತೂಕ ಕೊಡು.”

“ವಾಪಸ್ ಕೊಡ್ತೀನಿ ತಗ.”

“ವಾಪಸ್ ತಗಂಡು ನಾನೇನ್ ಮಾಡ್ಲಿ? ಯಾರು ತಗಂತಾರೆ? ಹತ್ತು ತೂಕನೇ ಬೇಕು.”

ಬೋರ್ಡಿನ ಪ್ರಕಾರ ನ್ಯಾಯ ಆತನ ಕಡಿ ಇತ್ತು. ಬಾಗಿಲು ತಗದು, ಬೆರಳಿಂದ ಕಡ್ಡಿ ಒತ್ತಿ ತೂಗಾಕ ಹತ್ತಿದೆ. ಆತ ನಿಂತ. ಚಪ್ಲಿ ಬಿಟ್ಟು ನಿಂತ. ತಲಿ ಮ್ಯಾಲಿನ ಪಟಗ ತಗದು ನಿಂತ. ಈರುಳ್ಳಿ ಚೀಲ ಇಟ್ಟ, ಚೀಲ ಹೊತ್ಕಂಡು ನಿಂತ. ಗುರುತಿಲ್ಲದ ಒಬ್ಬ ಮುದುಕನ್ನ ಕೈ ಹಿಡದು ಹತ್ತಿಸಿದ, ಆಮ್ಯಾಲ ಆ ಮುದುಕನ ಇಬ್ಬರು ಮೊಮ್ಮಕ್ಕಳನ್ನ ಒಬ್ಬೊಬ್ಬರಂಗ ಹತ್ತಿಸಿದ. “ನೀನೂ ಬಾರೇ” ಅಂತ ಹೆಂಡ್ತಿಗೆ ಅಂದ್ರ ಆಕಿ, “ನಾಕ್ ಮಂದಿ ಮುಂದೆ ನನ್ನ ತೂಕ ಸಾರ್ತೀಯೇನು?” ಅಂತ ಸೆರಗು ಸುತ್ಕಂಡು ಕಂಬದ ಹಿಂದ ಹೋದ್ಲು. ಕಡೀಗೆ ಎಲ್ಲರೂ ಆ ಕಡಿ ನೋಡುವಾಗ ಬಂದು ಹತ್ತಿ, ಚೀಟಿ ಕಸಗಂಡು ಬಾಯಾಗ ಹಾಕ್ಕಂಡು ನುಂಗೇಬಿಟ್ಲು. 

ಎಲ್ಲಾ ಆಗಿ ಒಂದು ತೂಕ ಉಳೀತು. “ಇಟ್ಟಿರಕ್ಕಾ, ಬರೋ ಸಂತೆಗೆ ಬಂದು ತಗಂತೀನಿ” ಅಂದ. ಹೋಗ್ಲಿ ಬಿಡು, ಮರೀತಾನ ಅಂದ್ಕಂಡೆ. ಬರೋ ಸಂತಿಗೆ ನನಗಿಂತ ಮೊದಲ ಬಂದು ನಿಂತಿದ್ದ, ಹೆಗಲ ಮ್ಯಾಲ ಕುರಿ ಹೊತ್ಕಂಡು.

೫. ಹಡಗಲಿಗೆ ಫೋನು

ಮಗಳು ಅಂದ್ಲು, “ಯವ್ವಾ, ಈಗ ಯಾರ ಹತ್ರ ಕಾಯಿನ್ ಐತಿ? ಫೋನಿನ್ಯಾಗ ರೊಕ್ಕ ಹಾಕೋ ಕ್ಯೂಆರ್ ಚೀಟಿ ಅಂಟ್ಸು.” ಅಂಟ್ಸಿದೆ, ಹಡಗಲಿ ಮಷೀನಿಗೆ.

ಮರುದಿನ ನಾನು ಕೊಟ್ಟೂರಾಗ ರೊಟ್ಟಿ ಬಡೀತಿದ್ದೆ. ಫೋನು ಟಿಂಗ್ ಅಂತು: ಒಂದು ರೂಪಾಯಿ ಬಂತು. ಬಂತು, ನನಗ ಬಂತು. ಮಷೀನಿಗೆ ಹೆಂಗ ಗೊತ್ತಾಗಬೇಕು? ಹಡಗಲ್ಯಾಗ ಯಾರೋ ಒಬ್ಬರು ಮಷೀನು ಹತ್ತಿ ಲೈಟು ಕಾಯ್ತಾ ನಿಂತಾರ. ಹಿಟ್ಟಿನ ಕೈಯಾಗ ಮಷೀನಿನ ಪಕ್ಕ ಕೂಡೋ ಮಲ್ಲಿಗಿ ಹೂವಿನಾಕಿಗೆ ಫೋನ್ ಹಚ್ಚಿದೆ.

“ಯಕ್ಕಾ, ಮಷೀನಿನ ಮ್ಯಾಲ ಯಾರರ ನಿಂತಾರೇನು?”

“ಅದಾನ. ಹಿರೇಹಡಗಲಿಯಾತ. ಮ್ಯಾಲ ನೋಡ್ತಾನ, ಕೆಳಗ ನೋಡ್ತಾನ.”

“ನಿನ್ನ ಹತ್ರ ಐದು ರೂಪಾಯಿ ಕಾಯಿನ್ ಇದ್ರ ಹಾಕವಾ, ನಾನು ಕೊಡ್ತೀನಿ.”

ಆಕಿ ಹೂವಿನ ಬುಟ್ಟಿ ಮುಚ್ಚಿ, ಕಾಯಿನ್ ಹುಡುಕಿ ಎದ್ದು ಹೋಗೋಷ್ಟ್ರಾಗ ಆತ ಇಳದು ಬಸ್ ಹತ್ಯಾನ. ಕಾಯಿನ್ ಆಗಲೇ ಬಾಯಿಗೆ ಹಾಕ್ಯಾಳ. ದಂಡ ಆಗಬಾರದು ಅಂತ ತಾನ ಹತ್ತಿ ನಿಂತಾಳ. ಅವತ್ತಿನಿಂದ ಯಾರೇ ಫೋನಿನ್ಯಾಗ ಹಾಕ್ಲಿ, ರೊಕ್ಕ ಅವರದು, ಕಾಯಿನ್ ನಂದು, ತೂಕ ಹೂವಿನಾಕಿದು. ವಾರ ಬಿಟ್ಟು ತಾನ ಫೋನ್ ಮಾಡಿದ್ಲು. “ಅಕ್ಕಾ, ಇವತ್ತ್ಯಾಕ ಯಾರೂ ರೊಕ್ಕ ಹಾಕಿಲ್ಲ? ನಾನು ಅರ್ಧ ಕೆಜಿ ಇಳದೀನಿ ಅನ್ನಸ್ತೈತಿ, ನೋಡ್ಕಬೇಕಿತ್ತು.”

ಆ ಕ್ಯೂಆರ್ ಚೀಟಿ ಕಿತ್ತು ಒಗದೆ.

೬. ಈ ಬಸ್ ಸ್ಟ್ಯಾಂಡಿನ ರೂಪಾಯಿ

ಯುಗಾದಿ ಹತ್ರ ಬಂತು. ಎಲ್ಲಾ ಉಪಾಯ ಮುಗದು ನನಗ ಉಳಿದದ್ದು ಕಡ್ಡಿ, ಅರ, ಹಟ. ಬೊಮ್ಮನಹಳ್ಳಿಯಾಗ ಮಾಡಿದ್ದನ್ನ ಉಳಿದ ನಾಕೂ ಊರಾಗ ಮಾಡಿದೆ. ಎಂಟಾಣಿ ಬಿದ್ರ ಬೀಳ್ಲಿ, ಈಗ ಹೊರಗ ಎಂಟಾಣಿ ಎಲ್ಲಿ ಅದಾವ, ಎಲ್ಲಾ ನನ್ನ ಹತ್ರ ಅದಾವ. ಬೆರಳು ಸುಲಿದು ರಕ್ತ ಬಂದ್ರೂ ಬಿಡಲಿಲ್ಲ. ಕೊಟ್ಟೂರಿನ ಮಷೀನು ಹಳೇದು, ಅದರ ಕಡ್ಡಿ ಬಿಗಿ, ಅದಕ್ಕ ಅದರ ಗುಂಡನ್ನ ಇನ್ನೂ ಒಂದು ಕೈ ಹೆಚ್ಚಿಗೆ ಉಜ್ಜಿದೆ.

ಹೇಳಿದಂಗ ಯುಗಾದಿ ಹಿಂದಿನ ದಿನ ಸಾಹೇಬ್ರು ಬಂದ್ರು. ಮುಂಜಾನೆಯಿಂದ ನನ್ನ ಹತ್ರ ಇದ್ದಬದ್ದ ಹೊಸಾ ರೂಪಾಯಿ ಎಲ್ಲಾ ಹಾಕಿ ಹಾಕಿ ಪರೀಕ್ಷಾ ಮಾಡಿ, ಡಬ್ಬಿಗೆ ಕೀಲಿ ಹಾಕಿ, ಕೀಲಿನ ನಮ್ಮನಿಯವ್ರ ಕೈಯಾಗ ಮನಿಗೆ ಕಳಿಸಿದ್ದೆ. ಮಷೀನಿಗೆ ಅರಿಷಿಣ ಕುಂಕುಮ ಹಚ್ಚಿದ್ದೆ. ಬಸ್ ಸ್ಟ್ಯಾಂಡ್ ಪೂರ್ತಿ ಸುತ್ತ ನಿಂತಿತ್ತು.

“ಹಾಕ್ರಿ ಸಾಹೇಬ್ರ, ಹೊಸಾ ರೂಪಾಯಿ.”

ಸಾಹೇಬ್ರು ಮಷೀನು ಹತ್ತಿ ಕಿಸೇಕ ಕೈ ಹಾಕಿದ್ರು. ಒಂದು ಫೋನು ಹೊರಗ ಬಂತು. ಇನ್ನೊಂದು ಕಿಸೇಕ ಹಾಕಿದ್ರು, ಇನ್ನೊಂದು ಫೋನು ಬಂತು. “ಯಾರ ಹತ್ರಾದ್ರೂ ಒಂದು ರೂಪಾಯಿ ಐತೇನ್ರಪಾ?” ಅಂದ್ರು. ಕಂಡಕ್ಟರ್ ಚೀಲ ಬಾಯಿ ತಗದು ತೋರಿಸ್ದ. “ಹೆಣ್ಮಕ್ಕಳಿಗೆ ಫ್ರೀ, ಗಂಡಸ್ರಿಗೆ ಫೋನು. ಕಾಯಿನ್ ನೋಡಿ ತಿಂಗಳಾತ್ರಿ.” ಇದ್ದಷ್ಟು ಜನ ಕಿಸೆ, ಸಂಚಿ, ಸೆರಗಿನ ಗಂಟು ಎಲ್ಲಾ ತಡಕಾಡಿದ್ರು. ಒಂದು ಬಸ್ ಸ್ಟ್ಯಾಂಡಿನ್ಯಾಗ ಒಂದು ರೂಪಾಯಿ ಇಲ್ಲ! ಒಂದು ರೂಪಾಯಿಗೋಸ್ಕರ ಇಷ್ಟು ಬಡಿದಾಡಿ, ಕಡೀಗೆ ರೂಪಾಯಿನ ಇಲ್ದಂಗಾತಲ್ಲ ಅಂತ ನನಗ ಅಳು ನುಗ್ಗಿ ಬಂತು.

ಸಾಹೇಬ್ರು ಇಳದು ಪಕ್ಕದ ಅಂಗಡಿಗೆ ಹೋದ್ರು. ಚಿಲ್ಲರ ಬರ್ಲಿ ಅಂತ ಒಂದು ಬಿಸ್ಕೀಟು, ಎರಡು ಬಾಳಿಹಣ್ಣು ತಗಂಡು ಇಪ್ಪತ್ತರ ನೋಟು ಕೊಟ್ರು. ಹತ್ತೊಂಬತ್ತು ಆತು. ಅಂಗಡಿಯಾತ ಮುಖ ಎತ್ತದ, ಅಭ್ಯಾಸದ ಮ್ಯಾಲ ಡಬ್ಬಿಗೆ ಕೈ ಹಾಕಿ ಸಾಹೇಬ್ರ ಅಂಗೈಯಾಗ ಒಂದು ರೂಪಾಯಿಯಂಗ ಗುಂಡನೆ, ಚಪ್ಪಟಿ ಬಿಳೀ ಪೆಪ್ಪರಮೆಂಟು ಇಟ್ಟ.

“ಏನಿದು?”

“ಚಿಲ್ಲರ ಸಾಹೇಬ್ರ. ಒಂದು ರೂಪಾಯಿ.”

“ರೂಪಾಯಿ ಕೊಡಯ್ಯಾ ಅಂದ್ರೆ!”

“ನಮ್ಮಲ್ಲಿ ರೂಪಾಯಿ ಅಂದ್ರ ಇದ ನೋಡ್ರಿ. ಎಲ್ಲಾರೂ ಇಸ್ಕಂತಾರ.”

ಸಾಹೇಬ್ರ ಸಿಟ್ಟು ನೆತ್ತಿಗೇರಿತು. ದಡದಡ ಬಂದು ಮಷೀನು ಹತ್ತಿದ್ರು. “ಹಂಗಾರೆ ಇದನ್ನೇ ಹಾಕ್ಲೇನು? ಇದನ್ನೇ ಹಾಕ್ಲೇನು?” ಅಂತ ಪೆಪ್ಪರಮೆಂಟನ್ನ ಕಾಯಿನ್ ಬಾಯಿಗೆ ತುರುಕಿದ್ರು.

ಟಕ್!

ಕೆಂಪು ಲೈಟು ಹತ್ತಿತು, ಹಸಿರು ಹತ್ತಿತು, ಚಕ್ರ ಗರಗರ ತಿರುಗಿತು, ಚೀಟಿ ಬಂದು ಸಾಹೇಬ್ರ ಕೈಯಾಗ ಬಿತ್ತು. ಒಂದು ಕಡಿ ತೊಂಬತ್ತೆರಡು ಕೆಜಿ. ಇನ್ನೊಂದು ಕಡಿ, ‘ನಿಮ್ಮ ಕೋಪವೇ ನಿಮ್ಮ ಶತ್ರು.’

ನಾನು ಹೇಳದ ಬಿಡ್ಲಿಲ್ಲ. “ಸಾಹೇಬ್ರ, ಒಂದು ರೂಪಾಯಿಗೆ ತೂಕ ಬರಬೇಕು ಅಂದಿದ್ರಿ. ಅಂಗಡಿಯಾತ ಅದನ್ನ ಒಂದು ರೂಪಾಯಿ ಅಂತ ಕೊಟ್ಟ, ನೀವು ಇಸ್ಕಂಡ್ರಿ, ನನ್ನ ಮಷೀನು ತಗಂತು. ಇನ್ನ ಯಾರ ಒಪ್ಪಿಗಿ ಬೇಕ್ರಿ?”

ಮೊದಲು ಹೊಟ್ಟಿ ಅಲ್ಲಾಡಿತು, ಆಮ್ಯಾಲ ಸಾಹೇಬ್ರು ನಕ್ಕರು. ಹಂಗ ನಗ್ತಾ ನಗ್ತಾ ಮಷೀನಿನ ಮ್ಯಾಲ ನಿಂತಿದ್ದಕ್ಕ ಗಾಜಿನೊಳಗಿನ ಚಕ್ರ ಅತ್ತಿತ್ತ ಕುಣೀತು. “ಇರ್ಲಿ ಬಿಡಮ್ಮ, ಐದೂ ಇರ್ಲಿ” ಅಂದ್ರು. ನಾನು ಮಷೀನು ತಬ್ಬಿಕೆಂಡು ಅತ್ತೆ, ಕುಂಕುಮ ಎಲ್ಲಾ ನನ್ನ ಗಲ್ಲಕ್ಕ ಹತ್ತಿತು.

ಕಡ್ಡಿನ ಮತ್ತ ಬಿಗಿ ಮಾಡಬಹುದಿತ್ತು. ಮಾಡ್ಲಿಲ್ಲ. ಈಗ ಕೊಟ್ಟೂರಾಗ ಚಿಲ್ಲರ ಬದಲಿ ಪೆಪ್ಪರಮೆಂಟು ಸಿಕ್ಕವರು ಯಾರೂ ಜಗಳ ಮಾಡಂಗಿಲ್ಲ, ಸೀದಾ ಬಂದು ತೂಕ ನೋಡ್ಕಂತಾರ. ವಾರಕ್ಕೊಮ್ಮಿ ಇರುವಿ ಜಾಡಿಸಿ, ಪೆಪ್ಪರಮೆಂಟು ಎಲ್ಲಾ ಒಂದು ಚೀಲಕ್ಕ ತುಂಬಿ ಅದೇ ಅಂಗಡಿ ಮುಂದ ಸುರೀತೀನಿ. “ತಗಳಪ್ಪಾ ನಿನ್ನ ಚಿಲ್ಲರ, ರೂಪಾಯಿಗೊಂದರಂಗ ರೊಕ್ಕ ಕೊಡು.”

ಮೊದಲ ವಾರ ಆತ ಚೀಲ ನೋಡಿ, ಕುರ್ಚಿ ಹಿಂದಕ್ಕ ಜರುಗಿಸ್ಕಂಡು ಅಂದ, “ಅಕ್ಕಾ, ಚಲಾವಣಿ ಐತಿ. ಆದ್ರ ನಾವು ಕೊಡ್ತೀವಿ ಅಷ್ಟ, ತಗಳಂಗಿಲ್ಲ.”

“ತಗಳ್ಳಿಲ್ಲ ಅಂದ್ರ ಬೊಮ್ಮನಹಳ್ಳಿ ಎಂಟಾಣಿ ಗಂಟು ಮನ್ಯಾಗ ಐತಿ” ಅಂದೆ. “ಯಾವುದು ಬೇಕು ಹೇಳು.”

ಗಲ್ಲಾಪೆಟ್ಟಿಗಿ ತಗದು ರೊಕ್ಕ ಕೊಟ್ಟ. ಅದರೊಳಗ ಇಣುಕಿ ನೋಡಿದೆ. ಊರಿನ ಹೊಸಾ ರೂಪಾಯಿ ಎಲ್ಲಾ ಅಲ್ಲೇ ಇದ್ವು.